ಕಂಚಿನ ಹಗ್ಗದ ಸವೆದ ಮೊಳ

ಹ್ಯಾಂಬರ್ಗ್ ಬಂದರಿನ ದಂಡೆಯಲ್ಲಿ ಒಂದು ಕಂಚಿನ ವಿಗ್ರಹ ಇದೆ. ನಾವಿಕರ ಸಂಘದ ಮುಖಂಡರೊಬ್ಬರದ್ದು. ಹಡಗು ಬಂದು ನಿಲ್ಲುವ ದಕ್ಕೆಯ ಕಬ್ಬಿಣದ ಗೂಟದ ಮೇಲೆ ಕೂತು, ಹಡಗು ಕಟ್ಟುವ ದಪ್ಪ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು ಪರೀಕ್ಷೆ ಮಾಡುತ್ತಿರುವ ಹಾಗೆ ಮಾಡಿದ್ದಾರೆ. ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಐಸ್‌ಕ್ರೀಮ್ ತಿಂದ ಕೈಯನ್ನು ಅವರ ಹೆಗಲಿಗೆ ಒರೆಸಿ ಹೋಗುತ್ತಾರೆ. ಮುಖ ಅವರ ಹಾಗೆ ಬಂದಿದೆಯೋ ಇಲ್ಲವೋ ಎಂದು ಅವರನ್ನು ಬಲ್ಲವರು ಇನ್ನೂ ವಾದ ಮಾಡುತ್ತಿರುತ್ತಾರೆ. ನನಗೆ ಮುಖದ ಗೊಡವೆ ಇಲ್ಲ. ಆ ಹಗ್ಗ ನನ್ನ ಕೈಕೆಲಸ. ಅದರಲ್ಲಿ ಅವರ ಹೆಬ್ಬೆರಳಿನ ಕೆಳಗೆ ಒಂದು ಮೊಳದಷ್ಟು ಸವೆದು ಹಾಳಾಗಿದೆ. ಹಾಳು ಮಾಡಿದವನೂ ನಾನೇ. ಬೇಕೆಂದೇ ಮಾಡಿದ್ದು, ಒಬ್ಬನ ಮೇಲಿನ ಸೇಡಿಗೆ.

ಸೇಡು ಎನ್ನುವ ಮಾತು ಕೇಳಿದರೆ ನನ್ನ ಹೆಂಡತಿಗೆ ಆಗುವುದಿಲ್ಲ. ನ್ಯಾಯ ಅನ್ನಿ ಎನ್ನುತ್ತಾಳೆ. ನ್ಯಾಯ ಕೊಡುವವರು ಬೇರೆ ಇದ್ದಾರೆ, ಕರಿ ಕೋಟು ಹಾಕಿಕೊಂಡು ಕೂತಿರುತ್ತಾರೆ. ನನ್ನದು ಸೇಡೇ. ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಕಾದದ್ದಕ್ಕೆ ಅಷ್ಟು ಮರ್ಯಾದೆಯಾದರೂ ಬೇಡವೇ?

ನಾನು ಗಂಗೊಳ್ಳಿಯ ಕಡೆಯವನು. ಹದಿನೆಂಟಕ್ಕೆ ಹಡಗು ಹತ್ತಿದೆ, ಮೂವತ್ತಕ್ಕೆಲ್ಲ ಬೋಸನ್ ಆದೆ. ಬೋಸನ್ ಎಂದರೆ ಡೆಕ್ಕಿನ ಮೇಲೆ ಕೆಲಸ ಮಾಡುವವರ ಮೇಸ್ತ್ರಿ. ಹಗ್ಗ, ಸರಪಳಿ, ಬಣ್ಣ, ತುಕ್ಕು, ಇವೆಲ್ಲ ಅವನ ಪಾಲಿನವು. ನನ್ನ ಕೊನೆಯ ಹಡಗಿನಲ್ಲಿ ನನ್ನದೇ ಊರಿನ ಗೆಳೆಯನೊಬ್ಬ ಖಲಾಸಿಯಾಗಿದ್ದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿ ಮೀನಿಗೆ ಹೋದವರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ.

ಆ ಹಡಗಿನ ಹಿಂಭಾಗದಲ್ಲಿ ಒಂದು ನೈಲಾನ್ ಹಗ್ಗ ಇತ್ತು. ತುಕ್ಕು ಹಿಡಿದ ಉರುಳೆಗೆ ಉಜ್ಜಿ ಉಜ್ಜಿ ಒಂದು ಕಡೆ ತೀರಾ ಸವೆದಿತ್ತು. ಅದನ್ನು ತೆಗೆದುಹಾಕಬೇಕು ಎಂದು ನಾನು ಕ್ಯಾಪ್ಟನ್‌ಗೆ ಎರಡು ಸಲ ಹೇಳಿದೆ. ಕ್ಯಾಪ್ಟನ್ ಇದೇ ಹ್ಯಾಂಬರ್ಗಿನವನು. ಮೊದಲ ಸಲ ತಲೆ ಆಡಿಸಿದ. ಎರಡನೆಯ ಸಲ ಕೈಯಲ್ಲಿದ್ದ ಕಾಫಿ ಲೋಟವನ್ನೂ ಕೆಳಗಿಡದೆ, "ತಡೆಯುತ್ತೆ" ಎಂದ. ಅಷ್ಟೇ. ಮೂರು ದಿನದ ಮೇಲೆ ಇದೇ ಬಂದರಿನಲ್ಲಿ ಹಡಗು ಕಟ್ಟುವಾಗ ಆ ಹಗ್ಗ ಕಡಿದು ಬಂದು ನನ್ನ ಗೆಳೆಯನ ಮೊಣಕಾಲಿಗೆ ಹೊಡೆಯಿತು. ಬಿಗಿಯಾಗಿದ್ದ ಹಗ್ಗ ಕಡಿದರೆ ಅದು ಬರುವುದು ಕಣ್ಣಿಗೆ ಕಾಣುವುದಿಲ್ಲ. ಸದ್ದು ಕೇಳಿ ತಿರುಗಿದಾಗ ಅವನು ಕೂತಿದ್ದ, ಕಾಲು ಆ ಕಡೆ ತಿರುಗಿತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಮರುದಿನ ಬೆಳಿಗ್ಗೆ ಏಣಿ ಹತ್ತಿ ಬಂದವರೇ ಈಗ ಕಂಚಾಗಿ ಕೂತಿರುವವರು. ದೊಡ್ಡ ಆಸಾಮಿ, ಮಳೆಗಾಲದ ಬೂಟು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಕ್ಯಾಪ್ಟನ್ ತನ್ನ ಕ್ಯಾಬಿನ್ನಿಗೆ ಕಾಫಿಗೆ ಕರೆದ. ಅವರು ಹೋಗಲಿಲ್ಲ. ಸೀದಾ ನಮ್ಮ ಮೆಸ್ಸಿಗೆ ಬಂದು ಬೆಂಚಿನ ಮೇಲೆ ಕೂತರು, ನಮ್ಮ ಅನ್ನ-ಸಾರನ್ನು ಚಮಚದಲ್ಲಿ ಉಂಡರು, ಖಾರಕ್ಕೆ ಮೂಗು ಒರೆಸಿಕೊಂಡರು. ಆಮೇಲೆ ಕೇಳಿದರು: "ಏನಾಯಿತೆಂದು ಯಾರು ಹೇಳುತ್ತೀರಿ?"

ಎಲ್ಲರೂ ತಟ್ಟೆ ನೋಡಿದರು. ನಾನು ಕೈ ಎತ್ತಿದೆ.

"ನೀವು ಹೇಳಿದರೆ ಹಡಗಿನವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ನಾನು ಎಷ್ಟೇ ಕೂಗಾಡಿದರೂ ನಿಮ್ಮನ್ನು ಪೂರ್ತಿ ಕಾಪಾಡುವುದು ನನ್ನಿಂದ ಆಗಲಿಕ್ಕಿಲ್ಲ. ಆದರೂ ಹೇಳುತ್ತೀರಾ?" ಎಂದು ಅವರು ಮುಚ್ಚುಮರೆ ಇಲ್ಲದೆ ಕೇಳಿದರು. ಹೇಳುತ್ತೇನೆ ಎಂದೆ. ಅವರು ಹಿಂಭಾಗಕ್ಕೆ ಬಂದು, ಕಡಿದ ಹಗ್ಗವನ್ನು ಮೊಣಕಾಲ ಮೇಲೆ ಎಳೆದುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಹುರಿ ಬಿಡಿಸಿ ನೋಡಿದರು. ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹೊಸ ಹಗ್ಗ ಬರುವ ತನಕ ನಾಲ್ಕು ದಿನ ಹಡಗು ಕದಲಲಿಲ್ಲ. ಕದಲಲು ಅವರು ಬಿಡಲಿಲ್ಲ.

ನನ್ನ ಕರಾರು ಮುಗಿದು ಹಡಗಿನಿಂದ ಇಳಿಯುವ ದಿನ ಕ್ಯಾಪ್ಟನ್ ನನ್ನ ಪುಸ್ತಕ ವಾಪಸು ಕೊಟ್ಟ. ನಾವಿಕರೆಲ್ಲರಿಗೂ ಒಂದು ಪುಸ್ತಕ ಇರುತ್ತದೆ. ಪ್ರತಿ ಹಡಗಿನಿಂದ ಇಳಿಯುವಾಗ ಕ್ಯಾಪ್ಟನ್ ಅದರಲ್ಲಿ ಎರಡು ಠಸ್ಸೆ ಹೊಡೆಯುತ್ತಾನೆ: ಕೆಲಸ 'ವೆರಿ ಗುಡ್', ನಡತೆ 'ವೆರಿ ಗುಡ್'. ಕುಡಿದು ಬಿದ್ದವನಿಗೂ ವೆರಿ ಗುಡ್, ಅಡುಗೆಮನೆಯಲ್ಲಿ ಕದ್ದವನಿಗೂ ವೆರಿ ಗುಡ್. ನನ್ನ ಪುಟದಲ್ಲಿ ಠಸ್ಸೆ ಇರಲಿಲ್ಲ. ಚಂದದ ಕೈಬರಹದಲ್ಲಿ 'ಈತನ ಬಗ್ಗೆ ವರದಿ ನೀಡಲು ನಿರಾಕರಿಸುತ್ತೇನೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ನೋಡಲು ಏನೂ ಅಲ್ಲದ ಮಾತು. ಬೈಗುಳವಲ್ಲ, ಆರೋಪವಲ್ಲ, ಎದುರಾಡಲು ಹಿಡಿತವೇ ಇಲ್ಲ. ಆದರೆ ಈ ಕಸುಬಿನಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಮುಂಬೈಯ ಏಜೆಂಟರ ಕಚೇರಿಗಳಿಗೆ ಎರಡು ವರ್ಷ ಅಲೆದೆ. ಪುಟ ತಿರುಗಿಸುತ್ತಾ ಬರುತ್ತಿದ್ದರು, ಆ ಪುಟ ಬಂದ ಕೂಡಲೇ ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳುತ್ತಿದ್ದರು. ಚಹಾ ಬೇಕಾ ಎಂದು ಕೇಳಿದವರೂ ಇದ್ದಾರೆ. ಮುಖಂಡರು ಇಲ್ಲಿಂದ ಕಾಗದ ಬರೆದರು, ಫೋನು ಮಾಡಿದರು. ಏನೂ ಉಪಯೋಗ ಆಗಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಮೊದಲೇ ಹೇಳಿದ್ದರಲ್ಲ. ಮೂವತ್ತನಾಲ್ಕಕ್ಕೆ ನನ್ನ ಸಮುದ್ರ ಮುಗಿಯಿತು.

ಹೆಂಡತಿ ನರ್ಸು. ಅವಳಿಗೆ ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿ, ಅವಳ ಬೆನ್ನಿಗೆ ಬಿದ್ದು ನಾನೂ ಬಂದೆ. ಯಾವ ಬಂದರಿನಲ್ಲಿ ನನ್ನ ಬಾಳು ಹಾಳಾಯಿತೋ ಅದೇ ಬಂದರಿನ ಎದುರು ಬಾಡಿಗೆ ಮನೆ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗರು ಯುಗಾದಿಗೆ ಸಿಕ್ಕಾಗ "ನೀವು ಯಾವ ಕಂಪನಿ ಸರ್?" ಎನ್ನುತ್ತಾರೆ. ಹಗ್ಗದ ಕಂಪನಿ ಎನ್ನುತ್ತೇನೆ. ಸುಳ್ಳಲ್ಲ. ಹಳೆ ಗೋದಾಮೊಂದರ ಕೆಳಗಿನ ಅಂತಸ್ತಿನಲ್ಲಿ ಹಗ್ಗ ಹೆಣೆಯುವ ಒಂದು ಚಿಕ್ಕ ಕಾರ್ಯಾಗಾರ ಇದೆ. ಮ್ಯೂಸಿಯಂ ಹಡಗುಗಳಿಗೆ, ಶ್ರೀಮಂತರ ಹಾಯಿದೋಣಿಗಳಿಗೆ ಬೇಕಾದ್ದನ್ನು ಕೈಯಲ್ಲೇ ಮಾಡಿ ಕೊಡುತ್ತೇವೆ. ಅಲ್ಲಿ ಯಾರೂ ನನ್ನ ಪುಸ್ತಕ ಕೇಳಲಿಲ್ಲ. ಒಂದು ಹಗ್ಗದ ತುದಿ ಕೊಟ್ಟು, ಹೆಣೆದು ತೋರಿಸು ಎಂದರು. ತೋರಿಸಿದೆ.

ಮುಖಂಡರು ತೀರಿಕೊಂಡು ಒಂದೆರಡು ವರ್ಷಕ್ಕೆ ಶಿಲ್ಪಿಯೊಬ್ಬಳು ಕಾರ್ಯಾಗಾರಕ್ಕೆ ಬಂದಳು. ನಡುವಯಸ್ಸಿನವಳು, ಕೈ ತುಂಬ ಸುಟ್ಟ ಗುರುತು. ಅವರ ವಿಗ್ರಹ ಮಾಡುತ್ತಿದ್ದೇನೆ, ಹಗ್ಗವನ್ನು ಮಣ್ಣಿನಲ್ಲಿ ತಿದ್ದಲು ಮನಸ್ಸಿಲ್ಲ, ನಿಜವಾದ ಹಗ್ಗವನ್ನೇ ಮೇಣದಲ್ಲಿ ಅದ್ದಿ ಅಚ್ಚು ಮಾಡಿ ಕಂಚು ಹುಯ್ಯುತ್ತೇನೆ, ಒಂದು ಒಳ್ಳೆಯ ಹಗ್ಗ ಮಾಡಿಕೊಡಿ ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳಿಗೆ ಎರಡು ಸಲ ಚಹಾ ಮಾಡಿಕೊಟ್ಟೆ. ಆಮೇಲೆ ಅವಳು, ವಿಗ್ರಹ ನಿಲ್ಲಿಸುವ ಸಮಿತಿಯ ಅಧ್ಯಕ್ಷರು ನಾಳೆ ಬಂದು ನಿಮ್ಮ ಹತ್ತಿರ ಮಾತಾಡುತ್ತಾರೆ, ಅವರೂ ಹಡಗಿನವರೇ, ದೊಡ್ಡ ಕ್ಯಾಪ್ಟನ್ ಆಗಿದ್ದವರು ಎಂದಳು.

ಅವಳು ಹೇಳಿದ ಹೆಸರು ನನ್ನ ಹಳೆಯ ಕ್ಯಾಪ್ಟನ್‌ನದೇ, ಬಂದವನೂ ಅವನೇ. ಎಪ್ಪತ್ತೈದು ದಾಟಿದೆ, ಬೆನ್ನು ನೆಟ್ಟಗೆ, ಕೆನ್ನೆ ಕೆಂಪಗೆ, ಟೈ ಬೇರೆ. ನಿವೃತ್ತನಾದ ಮೇಲೆ ಬಡ ನಾವಿಕರ ಮೇಲೆ ಪ್ರೀತಿ ಉಕ್ಕಿ ಬಂದಿತ್ತಂತೆ. ಶಾಲೆಗಳಿಗೆ ಹೋಗಿ ಭಾಷಣ ಮಾಡುತ್ತಿದ್ದನಂತೆ. ನನ್ನ ಕೈ ಕುಲುಕಿದ. ಗುರುತು ಸಿಗಲಿಲ್ಲ. ಗುರುತು ಸಿಗಲು ಅವನು ನನ್ನ ಮುಖ ನೋಡಿದ್ದಾದರೂ ಯಾವಾಗ?

"ಹಗ್ಗ ಸುಂದರವಾಗಿರಬೇಕು. ಜನ ಮುಟ್ಟಿ ನೋಡುತ್ತಾರೆ" ಎಂದ.

"ಅವರು ನಿಮ್ಮ ಹಡಗಿಗೂ ಬರುತ್ತಿದ್ದರಾ?" ಎಂದು ಕೇಳಿದೆ. ನನ್ನ ಜರ್ಮನ್ ಅಷ್ಟಕ್ಕಷ್ಟೇ, ಆದರೆ ಈ ವಾಕ್ಯವನ್ನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ.

"ಎಷ್ಟೋ ಸಲ! ಒಮ್ಮೆ ಒಂದು ಹಗ್ಗಕ್ಕೋಸ್ಕರ ನಾಲ್ಕು ದಿನ ನನ್ನನ್ನು ಹಿಡಿದಿಟ್ಟರು. ಒಂದೇ ಒಂದು ಹಗ್ಗ!" ಎಂದು ನಕ್ಕ. "ಆದರೂ ನಮ್ಮದು ಗೌರವದ ಜಗಳ."

ಕಾಲಿನ ಮಾತು ಬರಬಹುದೆಂದು ಕಾದೆ. ಬರಲಿಲ್ಲ. ಹಗ್ಗ ನೆನಪಿತ್ತು, ನಾಲ್ಕು ದಿನ ನೆನಪಿತ್ತು, ಕಾಲು ನೆನಪಿರಲಿಲ್ಲ. ಹುರಿ ಬಿಡಿಸಲು ಕೈಯಲ್ಲಿ ಹಿಡಿದಿದ್ದ ಮರದ ದಬ್ಬಣವನ್ನು ಮೇಜಿನ ಮೇಲಿಟ್ಟೆ, ಇಟ್ಟುಕೊಂಡಿರುವುದು ಒಳ್ಳೆಯದಲ್ಲ ಎನಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಹ್ವಾಯ್, ಬಿಡಿ ಅತ್ಲಾಗೆ. ಮುದ್ಕ. ದಿನಾ ಅಂಥ ಹತ್ತ್ ಜನಕ್ಕೆ ಮೈ ತೊಳ್ಸಿ ಬತ್ತೆ ನಾನ್. ಒಬ್ಬೊಬ್ರು ಎಂತೆಂತ ಮಾಡಿದ್ರೋ, ಯಾರಿಗ್ ಗೊತ್ತ್?" ಎಂದಳು. ಅವಳ ಮನಸ್ಸು ದೊಡ್ಡದು. ನನ್ನದು ಅಷ್ಟು ದೊಡ್ಡದಲ್ಲ, ಅದರ ಬಗ್ಗೆ ನಾಚಿಕೆಯೂ ಇಲ್ಲ. ಗೆಳೆಯನಿಗೆ ವಿಡಿಯೋ ಫೋನು ಹಚ್ಚಿದೆ. ಅವನು ಈಗ ಗಂಗೊಳ್ಳಿ ಬಂದರಿನಲ್ಲಿ ಬಲೆ ಸರಿಮಾಡುತ್ತಾನೆ, ಕಟ್ಟಿಕೊಂಡ ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟು ಕೂತಿರುತ್ತಾನೆ.

"ಅವ ಇನ್ನೂ ಬದ್ಕಿದ್ನಾ?" ಎಂದ.

"ಬದ್ಕಿದ್ದ. ಟೈ ಕಟ್ಕಂಡ್ ತಿರ್ಗ್ತಾ ಇದ್ದ. ಆ ಹಗ್ಗ ಹ್ಯಾಂಗಿತ್ತ್ ಅಂದೇಳಿ ನಿಂಗೆ ನೆನ್ಪಿತ್ತಾ?"

"ನೆನ್ಪಿಲ್ದೆ ಎಂತ ಮಾರಾಯಾ? ಕುಣ್ಕೆಯಿಂದ ಮೂರ್ ಮಾರ್ ದೂರ. ಎರಡ್ ಹುರಿ ಅರ್ಧಕ್ಕರ್ಧ ತುಂಡ್. ಮೂರ್ನೇದ್ ಕರ್ಗಿ ಮೇಣದಂಗೆ ಗಟ್ಟಿ ಆಗಿತ್ತ್, ಕೈಯಂಗ್ ಹಿಡ್ದ್ರೆ ಚುಚ್ತಿತ್ತ್." ಹೇಳುತ್ತಾ ಹೇಳುತ್ತಾ ಅವನ ಬೆರಳು ತೊಡೆಯ ಮೇಲೆ ಆಡುತ್ತಿತ್ತು, ಹಗ್ಗ ಅಲ್ಲೇ ಇದೆ ಎಂಬ ಹಾಗೆ. "ಎಂತಕ್ಕೆ ಕೇಂತೆ?" ಎಂದು ಕೊನೆಗೆ ಕೇಳಿದ. ಸುಮ್ಮನೆ ಎಂದೆ.

ಹೊಸ ಹಗ್ಗ ತೆಗೆದುಕೊಂಡು ಹಾಳು ಮಾಡುವುದಕ್ಕೆ ನನಗೆ ಹನ್ನೊಂದು ದಿನ ಹಿಡಿಯಿತು. ಒಳ್ಳೆಯದನ್ನು ಮಾಡುವುದಕ್ಕಿಂತ ಕಷ್ಟದ ಕೆಲಸ. ತುಕ್ಕು ಕೊಳವೆಯ ಮೇಲೆ ಉಜ್ಜಿದೆ, ಚಾಕು ಮುಟ್ಟಿಸಲಿಲ್ಲ, ಚಾಕುವಿನ ಗಾಯ ಬೇರೆ ತರಹ ಕಾಣುತ್ತದೆ. ಮೂರನೆಯ ಹುರಿಯನ್ನು ಬಿಸಿ ಕಬ್ಬಿಣ ಹಿಡಿದು ಕರಗಿಸಿದೆ. ಶಿಲ್ಪಿಗೆ ಎಲ್ಲವನ್ನೂ ಹೇಳಿದೆ. ಮೋಸದಿಂದ ಅವಳ ಕೆಲಸದೊಳಗೆ ನುಗ್ಗಲು ಇಷ್ಟವಿರಲಿಲ್ಲ. ಅವಳು ಸವೆದ ಹುರಿಗಳ ಮೇಲೆ ಬೆರಳಾಡಿಸಿದಳು. "ಕರಾರಿನ ಪ್ರಕಾರ ಅಧ್ಯಕ್ಷರು ಬಂದು ಮಾದರಿ ನೋಡಿ ಸಹಿ ಹಾಕಬೇಕು. ಅವರು ಬೇಡವೆಂದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದಳು. ಮೇಣದ ವಿಗ್ರಹದ ಹೆಬ್ಬೆರಳನ್ನು ಒಂದಿಷ್ಟು ಸರಿಸಿ ಸರಿಯಾಗಿ ಆ ಸವೆದ ಜಾಗದ ಮೇಲೆ ಇಟ್ಟವಳು ಮಾತ್ರ ಅವಳೇ. ನಾನು ಕೇಳಿರಲಿಲ್ಲ.

ಸಹಿಯ ದಿನ ನಾನು ಯುದ್ಧಕ್ಕೆ ಹೊರಟವನ ಹಾಗೆ ಹೋದೆ. ಹಡಗಿನ ಪುಸ್ತಕ ಜೇಬಿನಲ್ಲಿತ್ತು. ಅವನು ಹಗ್ಗ ನೋಡುತ್ತಾನೆ, ಸಮುದ್ರದ ಮೇಲೆ ನಲವತ್ತು ವರ್ಷ ಕಳೆದವನಿಗೆ ಒಂದೇ ನೋಟ ಸಾಕು, ಇದೇನಿದು ಎಂದು ಕೂಗುತ್ತಾನೆ, ಆಗ ನಾನು ಪುಸ್ತಕ ತೆಗೆದು ಮುಖದ ಮುಂದೆ ಹಿಡಿಯುತ್ತೇನೆ. ನಾಟಕ ಪೂರ್ತಿ ತಯಾರಿತ್ತು. ಅವನು ಬಂದ, ಸಮಿತಿಯ ಇಬ್ಬರ ಜೊತೆ ಹವಾಮಾನದ ಮಾತಾಡುತ್ತಾ ಒಂದು ಸುತ್ತು ಹಾಕಿದ, ಹಗ್ಗದ ಮೇಲೆ ಅಂಗೈ ಸವರಿದ. ಸವೆದ ಜಾಗದ ಮೇಲೂ ಸವರಿದ. "ಚೆನ್ನಾಗಿದೆ" ಎಂದು ಸಹಿ ಹಾಕಿದ.

ನಾನು ಬೆಪ್ಪಾಗಿ ನಿಂತೆ. ಇಪ್ಪತ್ತು ವರ್ಷ ನಾನು ತಿಳಿದಿದ್ದದ್ದು ಬೇರೆ. ಹಗ್ಗ ಕೆಟ್ಟಿದೆ ಎಂದು ಗೊತ್ತಿದ್ದೂ ಅವನು ಸುಳ್ಳು ಹೇಳಿದ್ದ ಎಂದುಕೊಂಡಿದ್ದೆ. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಹಗ್ಗ ಕಾಣುತ್ತಲೇ ಇರಲಿಲ್ಲ, ಹಗ್ಗ ಹಿಡಿದವರೂ ಕಾಣುತ್ತಿರಲಿಲ್ಲ. ಇದರಿಂದ ನನ್ನ ಸಿಟ್ಟು ಇಳಿಯಬೇಕಿತ್ತೋ ಏನೋ. ಇಮ್ಮಡಿಯಾಯಿತು.

ಅನಾವರಣದ ದಿನ ಒಳ್ಳೆಯ ಬಿಸಿಲು. ನೂರಾರು ಜನ, ಅವರಲ್ಲಿ ಬಂದರಿನ ಹಳೆ ಕೆಲಸಗಾರರೇ ಹೆಚ್ಚು. ದಕ್ಕೆಯ ಮೇಲೆ ನಿಂತು ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಹಾಕುತ್ತಾ ಆಯುಸ್ಸು ಕಳೆದವರು ಮುಂದಿನ ಸಾಲಿನಲ್ಲೇ ಇದ್ದರು. ಕ್ಯಾಪ್ಟನ್ ಭಾಷಣ ಮಾಡಿದ. ಕೊನೆಗೆ, "ಈ ಹಗ್ಗವನ್ನು ನಾನೇ ಖುದ್ದಾಗಿ ಪರೀಕ್ಷಿಸಿ ಒಪ್ಪಿದ್ದೇನೆ, ನಾವಿಕನ ಕಣ್ಣು ತಪ್ಪುವುದಿಲ್ಲ" ಎಂದು ಅವನ ಬಾಯಿಂದಲೇ ಬಂತು. ನಾನು ದುಡ್ಡು ಕೊಟ್ಟು ಬರೆಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಬಟ್ಟೆ ಸರಿಯಿತು. ಚಪ್ಪಾಳೆ. ಮುಂದಿನ ಸಾಲಿನ ಒಬ್ಬ ಮುದುಕ ಕೋಲೂರಿಕೊಂಡು ಹೋಗಿ ಮುಖಂಡರ ಹೆಗಲು ತಟ್ಟಿದ, ಹಗ್ಗಕ್ಕೆ ಕೈ ಹಾಕಿದ. ಅವನ ಕೈ ಸವೆದ ಜಾಗಕ್ಕೆ ಬಂದು ನಿಂತಿತು. ಬಗ್ಗಿ ನೋಡಿದ. ಪಕ್ಕದವನನ್ನು ಕರೆದ. ಇನ್ನಿಬ್ಬರು ಎದ್ದು ಬಂದರು.

"ಏ, ಈ ಹಗ್ಗ ಸತ್ತಿದೆ ಕಣ್ರಯ್ಯಾ" ಎಂದು ಮುದುಕ ಎಲ್ಲರಿಗೂ ಕೇಳುವ ಹಾಗೆ ಹೇಳಿ ಕ್ಯಾಪ್ಟನ್ ಕಡೆ ತಿರುಗಿದ. "ಇದನ್ನಾ ನೀವು ಪರೀಕ್ಷೆ ಮಾಡಿದ್ದು? ಇದರ ಹತ್ತಿರ ನಾನು ನನ್ನ ಭಾವನನ್ನೂ ನಿಲ್ಲಿಸುವುದಿಲ್ಲ!"

ಜನ ಹೋ ಎಂದು ನಕ್ಕರು. ಆ ನಗು ನನ್ನ ಕಿವಿಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ. ನಂತರ ಯಾರೋ, ಹಗ್ಗ ಮಾಡಿದವರು ಯಾರು ಎಂದು ಕೇಳಿದರು. ನಾನು ಮುಂದೆ ಹೋದೆ. ಮೈಕು ಬೇಡವೆಂದೆ. ನನ್ನ ಹರಕು ಜರ್ಮನ್‌ನಲ್ಲಿ ಹೇಳಿದ್ದು ಇಷ್ಟೇ: ಈ ಹಗ್ಗ ಇವರ ಹಡಗಿನಲ್ಲಿತ್ತು. ಕೆಟ್ಟಿದೆ ಎಂದು ನಾನು ಎರಡು ಸಲ ಹೇಳಿದೆ. ಇದೇ ಬಂದರಿನಲ್ಲಿ ಅದು ಕಡಿದು ಒಬ್ಬನ ಕಾಲು ಹೋಯಿತು. ಹೇಳಿದ್ದಕ್ಕೆ ನನ್ನ ಕೆಲಸ ಹೋಯಿತು. ಇಲ್ಲಿ ಕೂತಿರುವವರು ಅವತ್ತು ಇದನ್ನು ಹೀಗೆಯೇ ತೊಡೆಯ ಮೇಲೆ ಹಾಕಿಕೊಂಡು ನೋಡಿದ್ದರು.

ಕ್ಯಾಪ್ಟನ್‌ನ ಕೆಂಪು ಕೆನ್ನೆ ಬೂದಿ ಬಣ್ಣಕ್ಕೆ ಬಂತು. ಮುಂದಿನ ಸಾಲಿನ ದಕ್ಕೆಯ ಕೆಲಸಗಾರರು ಒಬ್ಬೊಬ್ಬರಾಗಿ ಅವನಿಗೆ ಬೆನ್ನು ಹಾಕಿ ಹೊರಟರು. ಅವನು ಒಬ್ಬನೇ ಅಲ್ಲಿ ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಆ ಮನುಷ್ಯನ ಹೆಸರೇನು?"

"ಹೇಳುವುದಿಲ್ಲ" ಎಂದೆ.

ಅವನು ಸಮಿತಿಯ ಅಧ್ಯಕ್ಷಗಿರಿ ಬಿಟ್ಟ. ಆದರೆ ನನ್ನನ್ನು ಬಿಡಲಿಲ್ಲ. ಮಂಗಳವಾರ ಮಂಗಳವಾರ ಕಾರ್ಯಾಗಾರದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹಳೆ ಕಾಗದಪತ್ರ ಹುಡುಕಿಸಿದನಂತೆ, ಹಡಗಿನ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತಂತೆ, ಎಲ್ಲೂ ಸಿಗಲಿಲ್ಲವಂತೆ. "ಒಂದು ಹೆಸರು. ಅವನಿಗೆ ಒಂದು ಮಾತು ಹೇಳಬೇಕು" ಎನ್ನುತ್ತಾನೆ. ನಾನು ತಲೆ ಎತ್ತದೆ ಹಗ್ಗ ಹೆಣೆಯುತ್ತಿರುತ್ತೇನೆ. ಸ್ವಲ್ಪ ಹೊತ್ತು ನಿಂತು ಹೋಗುತ್ತಾನೆ. ಬರುವುದು ತಪ್ಪಿಸಿಲ್ಲ.

ಇದನ್ನು ಗೆಳೆಯನಿಗೆ ವಿಡಿಯೋ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ಬಲೆ ಕೆಳಗಿಟ್ಟ.

"ಹೇಳ್ ಮಾರಾಯಾ ಅವ್ನಿಗೆ. ಹೆಸ್ರು ನಂದ್. ಬಚ್ಚಿಡೂಕೆ ನೀ ಯಾರ್?"

"ನಿಂಗೋಸ್ಕರವೇ ಅಲ್ದಾ ನಾ ಇದೆಲ್ಲ ಮಾಡಿದ್ದ್?"

"ನಂಗೋಸ್ಕರ ಅಲ್ಲ" ಎಂದ. ದನಿ ಏರಿಸಲಿಲ್ಲ. "ಆ ಹಗ್ಗ ಅವ ಕಾಣ್ಲಿಲ್ಲ. ನೀ ಕಂಡಿದ್ದೆ. ಕಂಡೂ ನನ್ನ ಅಲ್ ನಿಲ್ಸಿದ್ದೆ. ಇಷ್ಟ್ ವರ್ಷದಂಗೆ ನಾ ನಿಂಗೆ ಎಂತಾರೂ ಹೇಳಿದ್ನಾ?"

ಹೇಳಿರಲಿಲ್ಲ. ಯಾವ ಹಗ್ಗಕ್ಕೆ ಯಾರು ನಿಲ್ಲಬೇಕೆಂದು ಹೇಳುವವನು ಬೋಸನ್. ಇಷ್ಟುದ್ದ ಬರೆದದ್ದರಲ್ಲಿ ಆ ಒಂದು ಮಾತನ್ನು ನಾನೂ ಬಿಟ್ಟೇ ಬಂದೆ. ಆ ಬೆಳಿಗ್ಗೆ ಹಿಂಭಾಗಕ್ಕೆ ಯಾರು ಎಂದು ಕೇಳಿದಾಗ ಯಾರೂ ಮುಂದೆ ಬರಲಿಲ್ಲ, ಎಲ್ಲರಿಗೂ ಆ ಹಗ್ಗ ಗೊತ್ತಿತ್ತು. ನಮ್ಮ ಊರಿನವನು, ನನ್ನ ಮಾತು ಮೀರುವುದಿಲ್ಲ ಎಂದು ಅವನನ್ನು ಕಳಿಸಿದೆ. ಅವನು ಕೈಗವಸು ಹಾಕಿಕೊಂಡು ಹೋದ.

ನಾಡಿದ್ದು ಕ್ಯಾಪ್ಟನ್ ಬಂದರೆ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಫೋನ್ ಇಟ್ಟೆ.

ಮಂಗಳವಾರ ಕ್ಯಾಪ್ಟನ್ ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ನಾನು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದೆ. ಹೆಸರು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಇವನು ಇವತ್ತೇ ಗಂಗೊಳ್ಳಿಗೆ ಫೋನು ಮಾಡುತ್ತಾನೆ, ತಪ್ಪಾಯಿತು ಎನ್ನುತ್ತಾನೆ. ನನ್ನ ಗೆಳೆಯ ಎರಡು ನಿಮಿಷದಲ್ಲಿ ಇವನನ್ನು ಕ್ಷಮಿಸಿಬಿಡುತ್ತಾನೆ, ಅವನ ಸ್ವಭಾವವೇ ಹಾಗೆ. ಆಮೇಲೆ ಆ ಕಾಲಿನ ಲೆಕ್ಕದಲ್ಲಿ ಉಳಿಯುವವನು ನಾನೊಬ್ಬನೇ.

"ಮುಂದಿನ ವಾರ ಬನ್ನಿ" ಎಂದೆ.